ಕಾರಿನ ಮುಗ್ಗಲು ವಾಸನೆಗೆ ಸೆಂಟು ಮದ್ದಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುಂಚೆ ವಾಹನಗಳನ್ನು ಹೇಗೆ ಸಜ್ಜು ಮಾಡಿಕೊಳ್ಳಬೇಕು ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಟೈರು, ಬ್ರೇಕು, ವೈಪರ್, ಬ್ಯಾಟರಿ ಎಲ್ಲದರ ಬಗ್ಗೆಯೂ ಇತ್ತು. ಉಪಯೋಗಕ್ಕೆ ಬರುವ ಬರಹವೇ. ಆದರೆ ನಮ್ಮ ಮಲೆನಾಡಿನ ಕಡೆ ಮಳೆ ಹಿಡಿದು ಎರಡು ಮೂರು ವಾರ ಆಗುವಷ್ಟರಲ್ಲಿ ಯಾರ ಕಾರು ಹತ್ತಿದರೂ ಮೂಗಿಗೆ ಬಡಿಯುವ ಆ ಮುಗ್ಗಲು ವಾಸನೆ ಇದೆಯಲ್ಲ, ಎಸಿ ಬಟನ್ ಒತ್ತಿದ ಕೂಡಲೇ ಬರುವುದು, ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಹೊಸನಗರ ತಾಲ್ಲೂಕಿನವಳು. ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಶಾಲೆಗೆ ಹೋಗಿ ಬರಲು ದಿನಕ್ಕೆ 44 ಕಿಲೋಮೀಟರ್ ಕಾರು ಓಡಿಸುತ್ತೇನೆ. ಎಂಟು ವರ್ಷ ಹಳೆಯ ಸಣ್ಣ ಕಾರು. ಮನೆಯಲ್ಲಿ ಅತ್ತೆಗೆ ಉಬ್ಬಸ ಇದೆ, ಆಗಾಗ ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕು. ಕಳೆದ ವರ್ಷ ಪುನರ್ವಸು ಮಳೆಯಲ್ಲಿ ಹಾಗೆ ಹೊರಟಾಗ ಮಾಸ್ತಿಕಟ್ಟೆ ದಾಟುವುದರೊಳಗೆ ಅತ್ತೆಗೆ ಕೆಮ್ಮು ಶುರುವಾಯಿತು. "ಈ ಕಾರಿನೊಳಗೆ ಕೂತ್ರೆ ಒದ್ದೆ ಗೋಣಿಚೀಲ ತಲೆ ಮೇಲೆ ಹಾಕ್ಕೊಂಡ ಹಾಗೆ ಆಗ್ತದೆ ಮಾರಾಯ್ತಿ" ಅಂದರು. ಕಿಟಕಿ ತೆಗೆದರೆ ಮಳೆ ಒಳಗೆ. ಮುಚ್ಚಿದರೆ ಆ ವಾಸನೆ. ವೈದ್ಯರು ಪರೀಕ್ಷೆ ಮಾಡಿ, ಮನೆ ಗೋಡೆಗೆ ಬೂಷ್ಟು ಹಿಡಿದಿದೆಯಾ ಎಂದು ಕೇಳಿದರು. ನಮಗೆ ಮನೆಯ ಉತ್ತರ ಹಿತ್ತಿಲ ಗೋಡೆ ನೆನಪಾಯಿತು. ಬಾಗಿಲಲ್ಲೇ ನಿಂತಿದ್ದ ಕಾರು ನೆನಪಾಗಲಿಲ್ಲ.

ವಾಸನೆ ನನಗೂ ಗೊತ್ತಾಗುತ್ತಿತ್ತು. ಆದರೆ ಎರಡು ನಿಮಿಷ ಕಳೆದರೆ ಮೂಗು ಒಗ್ಗಿಕೊಳ್ಳುತ್ತದೆ, ಹೋಯಿತು ಅಂದುಕೊಳ್ಳುತ್ತೇವೆ. ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಸೆಂಟಿನ ಡಬ್ಬಿ ತಂದೆ. ಮಲ್ಲಿಗೆ ಒಂದು ತಿಂಗಳು, ನಿಂಬೆ ಒಂದು ತಿಂಗಳು. ಮುಗ್ಗಲಿನ ಮೇಲೆ ಮಲ್ಲಿಗೆ ಸೇರಿದರೆ ಏನಾಗುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಅತ್ತೆಯ ಕೆಮ್ಮು ಇನ್ನೂ ಜಾಸ್ತಿ ಆಯಿತು. ಉಬ್ಬಸದವರಿಗೆ ಸೆಂಟಿನ ವಾಸನೆಯೇ ಆಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ಶಿವಮೊಗ್ಗದ ಒಂದು ಸರ್ವೀಸ್ ಸೆಂಟರ್‌ಗೆ ಮೂರು ಸಲ ಕಾರು ಕೊಟ್ಟೆ. ಹೆಸರು ಬರೆಯುವುದಿಲ್ಲ, ಜಗಳ ಮಾಡುವುದು ನನ್ನ ಉದ್ದೇಶವಲ್ಲ. ಮೂರೂ ಸಲ ಬಿಲ್ಲಿನಲ್ಲಿ ಎಸಿ ಟ್ರೀಟ್‌ಮೆಂಟ್ ಎಂದು ಒಂದು ಸಾಲು, ಅದರ ಎದುರು ಸಾವಿರಕ್ಕೂ ಹೆಚ್ಚು ದುಡ್ಡು. ಕಾರಿನೊಳಗೆ ಹೊಗೆಯ ಹಾಗೆ ಏನೋ ಬಿಟ್ಟು ಬಾಗಿಲು ಹಾಕಿ ಇಡುತ್ತಿದ್ದರು. ವಾಪಸ್ ಕೊಡುವಾಗ ಕಾರು ಘಮ್ ಅನ್ನುತ್ತಿತ್ತು. ಹತ್ತು ದಿನ ಕಳೆದರೆ ಮತ್ತೆ ಅದೇ. ಫಿಲ್ಟರ್ ನೋಡಿದಿರಾ ಎಂದು ಕೇಳಲು ನನಗೆ ಆಗ ಫಿಲ್ಟರ್ ಇದೆ ಎಂಬುದೇ ತಿಳಿದಿರಲಿಲ್ಲ. ಅವರೂ ಹೇಳಲಿಲ್ಲ.

ಕೊನೆಗೆ ಸರಿ ಮಾಡಿದ್ದು ನಮ್ಮೂರಿನ ಗ್ಯಾರೇಜಿನ ಹುಡುಗ. ನಾನೇ ಪಾಠ ಹೇಳಿದ ಹುಡುಗ. ಪಂಕ್ಚರ್ ಹಾಕಿಸಲು ಹೋಗಿದ್ದೆ, ಬಾಗಿಲು ತೆಗೆದವನೇ ಮೂಗು ಸುಕ್ಕಿಸಿ, "ಟೀಚರ್, ಇದನ್ನ ಹೀಗೇ ಓಡಿಸ್ತಾ ಇದ್ದೀರಾ?" ಅಂದ. ಎಡಗಡೆ ಸೀಟಿನ ಮುಂದೆ ಕಾಗದಪತ್ರ ಇಡುವ ಡಬ್ಬಿ ಇರುತ್ತದಲ್ಲ, ಅದರ ಎರಡು ಕಡೆ ಒತ್ತಿ ಕೆಳಗೆ ಇಳಿಸಿದ. ಸ್ಕ್ರೂ ಡ್ರೈವರ್ ಕೂಡ ಬೇಕಾಗಲಿಲ್ಲ. ಅದರ ಹಿಂದೆ ಒಂದು ಸಣ್ಣ ಮುಚ್ಚಳ. ಎಳೆದ. ಬಂದದ್ದನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಮಡಿಕೆ ಮಡಿಕೆಯಾಗಿ ಬಿಳಿ ಇರಬೇಕಾದ ಕಾಗದ ಕಪ್ಪಾಗಿತ್ತು. ಮೇಲೆ ಅಡಿಕೆ ಸಿಪ್ಪೆಯ ನಾರು, ಒಣಗಿದ ಎಲೆ, ಇಲಿಯ ಹಿಕ್ಕೆ. ಮೂಲೆಯಲ್ಲಿ ಇಲಿ ಕಾಗದವನ್ನೇ ಕಚ್ಚಿ ಮೆತ್ತಗೆ ಗೂಡು ಮಾಡಿಕೊಂಡಿತ್ತು. ಎಲ್ಲ ಒದ್ದೆ. ನಾವು ಎಂಟು ವರ್ಷ ಉಸಿರಾಡಿದ ಗಾಳಿ ಇದರ ಮೂಲಕವೇ ಬಂದದ್ದು. ಅತ್ತೆ ಆ ಸೀಟಿನಲ್ಲೇ ಕೂರುತ್ತಿದ್ದುದು. ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ.

ಆ ಹುಡುಗ ನನಗೆ ವಿವರಿಸಿದ್ದನ್ನು, ಆಮೇಲೆ ನಾನೇ ಓದಿ ಕೇಳಿ ತಿಳಿದದ್ದನ್ನು ಸೇರಿಸಿ ಬರೆಯುತ್ತೇನೆ.

ಡ್ಯಾಶ್‌ಬೋರ್ಡಿನ ಒಳಗೆ ಒಂದು ಕೂಲಿಂಗ್ ಕಾಯಿಲ್ ಇರುತ್ತದೆ. ಅಲ್ಯೂಮಿನಿಯಂನ ತೆಳು ತೆಳು ಹಾಳೆಗಳನ್ನು ಒತ್ತೊತ್ತಾಗಿ ಜೋಡಿಸಿದ್ದು. ಎಸಿ ಹಾಕಿದಾಗ ಅದು ತಣ್ಣಗಾಗುತ್ತದೆ, ಫ್ಯಾನಿನ ಗಾಳಿ ಅದರ ನಡುವೆ ಹಾದು ತಣ್ಣಗಾಗಿ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಹೊರಗೆ ನೀರು ಬೆವರುತ್ತದಲ್ಲ, ಹಾಗೆಯೇ ಗಾಳಿಯ ತೇವ ಎಲ್ಲ ಆ ಹಾಳೆಗಳ ಮೇಲೆ ಹನಿಯಾಗಿ ಕೂರುತ್ತದೆ. ಆ ನೀರು ಒಂದು ಸಣ್ಣ ಪೈಪಿನ ಮೂಲಕ ಕಾರಿನ ಅಡಿಗೆ ತೊಟ್ಟಿಕ್ಕಬೇಕು. ನಿಲ್ಲಿಸಿದ ಕಾರಿನ ಕೆಳಗೆ ನೀರು ಕಂಡರೆ ಕೆಲವರು ಗಾಬರಿಯಾಗುತ್ತಾರೆ. ಬಣ್ಣ, ವಾಸನೆ, ಜಿಡ್ಡು ಇಲ್ಲದ ನೀರಾದರೆ ಅದು ಒಳ್ಳೆಯದೇ. ಎಸಿ ಹಾಕಿ ಅಷ್ಟು ದೂರ ಓಡಿಸಿದರೂ ನೆಲಕ್ಕೆ ಹನಿಯೇ ಬೀಳದಿದ್ದರೆ ಆಗ ಯೋಚನೆ ಮಾಡಬೇಕು.

ಈಗ ಮನೆ ಮುಟ್ಟಿ ಎಸಿ, ಎಂಜಿನ್ ಎಲ್ಲ ಒಟ್ಟಿಗೆ ಆಫ್ ಮಾಡುತ್ತೇವೆ. ಕಾಯಿಲ್ ಮಾತ್ರ ಒದ್ದೆಯಾಗಿಯೇ ಉಳಿಯಿತು. ಒಳಗೆ ಕತ್ತಲೆ, ಗಾಳಿಯಾಡುವುದಿಲ್ಲ, ಮೇಲೆ ಧೂಳು ಕೂತಿದೆ. ಬೂಷ್ಟಿಗೆ ಇನ್ನೇನು ಬೇಕು? ಮರುದಿನ ಬೆಳಿಗ್ಗೆ ಫ್ಯಾನ್ ಹಾಕಿದ ಕೂಡಲೇ ಅದರ ವಾಸನೆ ಮುಖಕ್ಕೆ. ಆಷಾಢದಲ್ಲಿ ಒಣಗದ ಬಟ್ಟೆಯನ್ನು ಮಡಚಿ ಬೀರುವಿನಲ್ಲಿ ಇಟ್ಟರೆ ಬರುವುದೂ ಇದೇ ವಾಸನೆ. ಆ ಬಟ್ಟೆಗೆ ಯಾರೂ ಸೆಂಟು ಹೊಡೆದು ಸುಮ್ಮನಾಗುವುದಿಲ್ಲ. ತೊಳೆದು ಬಚ್ಚಲ ಒಲೆಯ ಮೇಲೆ ಹರವಿ ಒಣಗಿಸುತ್ತೇವೆ. ಕಾರಿಗೂ ಮಾಡಬೇಕಾದ್ದು ಅಷ್ಟೇ.

ಮಲೆನಾಡಿನಲ್ಲಿ ಇದು ಯಾಕೆ ಇಷ್ಟು ಜಾಸ್ತಿ ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಬಯಲುಸೀಮೆಯವರು ಸೆಕೆಗೆ ಎಸಿ ಹಾಕುತ್ತಾರೆ. ನಾವು ಹಾಕುವುದು ಮಳೆಗೆ. ಜಡಿಮಳೆಯಲ್ಲಿ ಕಿಟಕಿ ಮುಚ್ಚಿದರೆ ನಮ್ಮದೇ ಉಸಿರಿನಿಂದ ಮುಂದಿನ ಗಾಜು ಮಂಜಾಗುತ್ತದೆ, ಘಾಟಿಯಲ್ಲಿ ಎದುರಿನ ಬಸ್ಸೇ ಕಾಣುವುದಿಲ್ಲ. ಎಸಿ ಹಾಕಿದರೆ ಗಾಳಿಯ ತೇವ ಹೋಗಿ ಗಾಜು ತಿಳಿಯಾಗುತ್ತದೆ. ಅದಕ್ಕೆ ಚಳಿಯಲ್ಲೂ ಎಸಿ ಬೇಕೇ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ನಮ್ಮ ತಾಲ್ಲೂಕಿನ ನಗರ, ಹುಲಿಕಲ್ ಎಂಬ ಊರುಗಳ ಕಡೆಯೂ ಏನು ಕಡಿಮೆ ಇಲ್ಲ. ಅಷ್ಟು ತೇವ ಇರುವ ಗಾಳಿಯನ್ನು ಆ ಕಾಯಿಲ್ ದಿನವೂ ಹಿಂಡಬೇಕು. ಮನೆಗೆ ಬಂದರೆ ಕಾರು ನಿಲ್ಲುವುದು ಅಡಿಕೆ ಸುಲಿಯುವ ಶೆಡ್ಡಿನ ಪಕ್ಕ. ಒಂದು ಕಡೆ ನೀರು, ಇನ್ನೊಂದು ಕಡೆ ಸಿಪ್ಪೆಯ ಧೂಳು. ಹೀಗಿರುವಾಗ ಬೆಂಗಳೂರಿನ ರಸ್ತೆಗೆ ಹೇಳಿದ ಸರ್ವೀಸ್ ಪಟ್ಟಿಯನ್ನೇ ನಮಗೂ ಹೇಳಿದರೆ ಹೇಗೆ?

ಹುಡುಗ ಹೇಳಿಕೊಟ್ಟ ಮುಖ್ಯ ಅಭ್ಯಾಸ ಒಂದಿದೆ. ಊರು ಮುಟ್ಟುವ ಐದು ನಿಮಿಷ ಮೊದಲು ಎಸಿ ಬಟನ್ ಮಾತ್ರ ಆಫ್ ಮಾಡಿ, ಫ್ಯಾನು ಜೋರಾಗಿ ಓಡುತ್ತಿರಲಿ, ಹೊರಗಿನ ಗಾಳಿ ಬರುವ ಹಾಗೆ ಇಡಿ. ಕಾಯಿಲ್ ಒಣಗುತ್ತದೆ. ಬಿಸಿಲಿನ ದಿನ ಇದು ಸುಲಭ. ಆದರೆ ಮಳೆಯಲ್ಲಿ ಒಂದು ಅಪಾಯ ಇದೆ, ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದರೂ ಸರಿ. ಎಸಿ ನಿಂತ ಕೂಡಲೇ ಕಾಯಿಲ್ ಮೇಲಿನ ನೀರು ಆವಿಯಾಗಿ ಒಳಗೆ ಬರುತ್ತದೆ, ಗಾಳಿ ಗಾಜಿನ ಕಡೆ ತಿರುಗಿಸಿದ್ದರೆ ಗಾಜು ಕ್ಷಣದಲ್ಲಿ ಬಿಳಿಚಿಕೊಳ್ಳುತ್ತದೆ. ನನಗೆ ಮೊದಲ ದಿನವೇ ಹೀಗಾಯಿತು. ಪುಣ್ಯಕ್ಕೆ ಮನೆಯ ತಿರುವಿನಲ್ಲಿದ್ದೆ, ಎದುರಿಗೆ ಯಾರೂ ಇರಲಿಲ್ಲ. ಆದ್ದರಿಂದ ಮಳೆಗಾಲದಲ್ಲಿ, ಅದರಲ್ಲೂ ಘಾಟಿಯಲ್ಲಿ, ಓಡಿಸುತ್ತಾ ಈ ಕೆಲಸ ಬೇಡವೇ ಬೇಡ. ಅಂಗಳಕ್ಕೆ ಬಂದು ನಿಲ್ಲಿಸಿ. ಎಂಜಿನ್ ಓಡುತ್ತಿರಲಿ. ಎಸಿ ಆಫ್ ಮಾಡಿ, ಫ್ಯಾನು ಜೋರು ಮಾಡಿ, ಬಾಗಿಲು ತೆಗೆದಿಟ್ಟು ಹತ್ತು ನಿಮಿಷ ಬಿಡಿ. ಕಾರಿನ ಫ್ಯಾನೇ ನಮಗೆ ಇಲ್ಲಿ ಬಚ್ಚಲ ಒಲೆ. ಸ್ವಲ್ಪ ಪೆಟ್ರೋಲ್ ಖರ್ಚಾಗುತ್ತದೆ ನಿಜ, ದಿನಾ ಬೇಡ, ವಾರಕ್ಕೆ ಎರಡು ಸಲ ಸಾಕು ಎಂಬುದು ನನ್ನ ಅನುಭವ.

ಆದರೆ ಇದನ್ನು ಬಾಗಿಲು ಹಾಕಿದ ಶೆಡ್ಡಿನೊಳಗೆ ಮಾಡಲೇಬೇಡಿ. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಮಳೆ ಅಂತ ಕಾರನ್ನು ಶೆಡ್ಡಿಗೆ ಹಾಕಿ ಬಾಗಿಲೆಳೆದು ಎಂಜಿನ್ ಓಡಿಸುವವರನ್ನು ನಾನೇ ನೋಡಿದ್ದೇನೆ.

ಫಿಲ್ಟರ್ ವಿಷಯಕ್ಕೆ ಬರುತ್ತೇನೆ. ಇದನ್ನು ಕ್ಯಾಬಿನ್ ಫಿಲ್ಟರ್, ಎಸಿ ಫಿಲ್ಟರ್ ಎನ್ನುತ್ತಾರೆ. ಎಂಜಿನ್ನಿನ ಏರ್ ಫಿಲ್ಟರ್ ಬೇರೆ, ಇದು ಬೇರೆ. ಬಹಳ ಕಾರುಗಳಲ್ಲಿ ಆ ಎಡಗಡೆ ಡಬ್ಬಿಯ ಹಿಂದೆಯೇ ಇರುತ್ತದೆ, ಸಣ್ಣ ಕಾರುಗಳಿಗೆ ಕೆಲವು ನೂರು ರೂಪಾಯಿಗೆ ಹೊಸದು ಸಿಗುತ್ತದೆ. ಗಾಳಿ ಯಾವ ದಿಕ್ಕಿಗೆ ಹೋಗಬೇಕು ಎಂದು ಅದರ ಮೇಲೆ ಬಾಣದ ಗುರುತು ಇರುತ್ತದೆ, ಹಾಗೇ ಹಾಕಬೇಕು. ಕಾಗದದ್ದನ್ನು ತೊಳೆದು ಮತ್ತೆ ಹಾಕಬೇಡಿ, ಒದ್ದೆ ಕಾಗದ ಮತ್ತೆ ಬೂಷ್ಟಿಗೇ ಮನೆ. ಧೂಳು ಜಾಸ್ತಿ ಇರುವ ಕಡೆ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ನಾನು ಈಗ ಎರಡು ಸಲ ಬದಲಿಸುತ್ತೇನೆ. ಅಡಿಕೆ ಸುಲಿತ ಮುಗಿದ ಮೇಲೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಇನ್ನು ಕೆಲವು ಹಳೆಯ, ಕಡಿಮೆ ಬೆಲೆಯ ಕಾರುಗಳಲ್ಲಿ ಫಿಲ್ಟರ್ ಇರುವುದೇ ಇಲ್ಲ. ಜಾಗ ಬಿಟ್ಟು ಮುಚ್ಚಿರುತ್ತಾರೆ ಅಷ್ಟೇ. ಅಂಥ ಕಾರಿನಲ್ಲಿ ಧೂಳೆಲ್ಲ ನೇರ ಕಾಯಿಲ್ ಮೇಲೆ ಹೋಗಿ ಕೂರುತ್ತದೆ. ನಿಮ್ಮ ಕಾರಿನಲ್ಲಿ ಇದೆಯೋ ಇಲ್ಲವೋ ಕೇಳಿ ನೋಡಿ.

ಇಲಿ ಸೇರಿದ ಫಿಲ್ಟರ್ ತೆಗೆಯುವಾಗ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಇಲಿ ಜ್ವರ ನಮ್ಮ ಕಡೆ ಹೊಸದಲ್ಲ, ಇಲಿಯ ಉಚ್ಚೆಯಿಂದಲೇ ಹರಡುವಂಥದ್ದು. ಇಲಿ ಓಡಿಸಲು ಬಾನೆಟ್ ಕೆಳಗೆ ನುಸಿಗುಳಿಗೆ ಹಾಕುವವರು ಬಹಳ ಜನ. ವೈಪರ್ ಹತ್ತಿರದಿಂದಲೇ ಕಾರು ಒಳಗೆ ಗಾಳಿ ಎಳೆಯುವುದು, ಆ ಗುಳಿಗೆಯ ಘಾಟೂ ಜೊತೆಗೇ ಬರುತ್ತದೆ. ಪುಟ್ಟ ಮಕ್ಕಳು ಕೂರುವ ಕಾರಿನಲ್ಲಿ ಅದು ಬೇಡ.

ನನ್ನ ಕಾರಿನಲ್ಲಿ ಫಿಲ್ಟರ್ ಬದಲಿಸಿದರೂ ವಾಸನೆ ಅರ್ಧ ಉಳಿಯಿತು. ಕಾರಣ ಎರಡು. ಒಂದು, ನೀರು ಹೋಗುವ ಪೈಪು ಕಟ್ಟಿಕೊಂಡಿತ್ತು. ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಅದರ ಬಾಯಿಗೇ ಮಣ್ಣು ಮೆತ್ತಿತ್ತು. ಹೊರಗೆ ಹೋಗಲಾರದ ನೀರು ಹಿಂದಕ್ಕೆ ಬಂದು ಎಡಗಡೆ ಕಾರ್ಪೆಟ್ಟಿನ ಅಡಿ ಸೇರುತ್ತಿತ್ತು. ಮೇಲೆ ದಪ್ಪ ಮ್ಯಾಟ್ ಹಾಕಿಸಿದ್ದೆ, ಚೆಂದಕ್ಕೆ. ಅದನ್ನು ಎತ್ತಿ ಕೈ ಒತ್ತಿದರೆ ಅಡಿಯ ಸ್ಪಂಜಿನಿಂದ ನೀರು ಜಿನುಗಿತು. ಮ್ಯಾಟ್ ಪೂರ್ತಿ ತೆಗೆದು, ಹಳೆಯ ದಿನಪತ್ರಿಕೆ ಹಾಸಿ ಹಾಸಿ ನೀರು ಹೀರಿಸಿ, ಒಲೆ ಕೋಣೆಯಲ್ಲಿಟ್ಟು ಒಣಗಿಸಲು ನಾಲ್ಕು ದಿನ ಹಿಡಿಯಿತು. ಈಗ ಬರೀ ರಬ್ಬರ್ ಮ್ಯಾಟ್. ಒದ್ದೆ ಕೊಡೆಗೆ ಒಂದು ಬಕೆಟ್ ಇಟ್ಟಿದ್ದೇನೆ. ವೈಪರ್ ಕೆಳಗಿನ ಜಾಲರಿಯಲ್ಲಿ ಕೂರುವ ಎಲೆಕಸವನ್ನು ವಾರಕ್ಕೊಮ್ಮೆ ತೆಗೆಯುತ್ತೇನೆ, ಅಲ್ಲಿ ಕಟ್ಟಿಕೊಂಡರೆ ಮಳೆನೀರೇ ಒಳಗೆ ಬರಬಹುದು.

ಇನ್ನೊಂದು ಕಾರಣ ಕಾಯಿಲ್ ಮೇಲೆ ಎಂಟು ವರ್ಷದ ಕೊಳೆ. ಅದಕ್ಕೇ ಎಂದು ನೊರೆ ಬರುವ ಕ್ಲೀನರ್ ಸಿಗುತ್ತದೆ. ಡಬ್ಬಿಯ ಮೇಲೆ ಬರೆದ ಹಾಗೆ ಎಂಜಿನ್, ಫ್ಯಾನು ಎಲ್ಲ ನಿಲ್ಲಿಸಿ, ಉದ್ದ ನಳಿಗೆಯಿಂದ ಒಳಗೆ ಬಿಟ್ಟು ಹುಡುಗ ಕಾದ. ಪೈಪಿನಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿಯಿತು. ಎರಡನೇ ಸಲ ಬಿಟ್ಟಾಗ ತಿಳಿಯಾಯಿತು. ಆಮೇಲೆ ಬಾಗಿಲು ತೆರೆದು ಫ್ಯಾನು ಹಾಕಿ ಚೆನ್ನಾಗಿ ಒಣಗಿಸಿದೆವು. ಎರಡು ದಿನ ಅತ್ತೆಯನ್ನು ಕಾರಿಗೆ ಹತ್ತಿಸಲಿಲ್ಲ.

ಈ ನೊರೆ ಬಿಟ್ಟು ಮನೆಯಲ್ಲಿದ್ದ ಫಿನಾಯಿಲ್, ಬ್ಲೀಚಿಂಗ್ ನೀರು, ವಿನೆಗರ್ ಹಾಕಿ ನೋಡುವವರಿದ್ದಾರೆ. ಬೇಡ. ಬ್ಲೀಚಿಂಗ್ ಮತ್ತು ಹುಳಿ ಅಲ್ಯೂಮಿನಿಯಂ ತಿನ್ನುತ್ತವೆ. ಕಾಯಿಲ್ ತೂತಾಗಿ ಗ್ಯಾಸ್ ಸೋರಿದರೆ ಬಹಳ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಖರ್ಚು ಕೇಳಬೇಡಿ. ಹಾಗೆಯೇ ಕಾರು ತೊಳೆಯುವ ಪ್ರೆಷರ್ ಪಂಪನ್ನು ಒಳಗೆ ಹಿಡಿದರೆ ಆ ತೆಳು ಹಾಳೆಗಳು ಮಡಚಿಕೊಳ್ಳುತ್ತವೆ, ಸುತ್ತಲಿನ ವೈರಿಂಗಿಗೂ ನೀರು ಹೋಗುತ್ತದೆ.

ಎಲ್ಲ ವಾಸನೆಯೂ ಮುಗ್ಗಲಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸಿಹಿ ಸಿಹಿ ವಾಸನೆ ಬಂದು ಗಾಜಿನ ಒಳಗೆ ಜಿಡ್ಡು ಕೂತರೆ ಅದು ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವದ ಸೋರಿಕೆ ಇರಬಹುದು. ಕೊಳೆತ ವಾಸನೆ ದಿನದಿಂದ ದಿನಕ್ಕೆ ಏರಿದರೆ ಎಲ್ಲೋ ಇಲಿ ಸತ್ತಿರಬಹುದು. ಸುಟ್ಟ ವಾಸನೆ, ಪೆಟ್ರೋಲ್ ವಾಸನೆ ಬಂದರೆ ಮನೆ ಮುಟ್ಟುವವರೆಗೂ ಕಾಯಬಾರದು, ಪಕ್ಕಕ್ಕೆ ನಿಲ್ಲಿಸಿ ಎಲ್ಲರೂ ಇಳಿಯಬೇಕು.

ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಬಗ್ಗೆಯೂ ಒಂದು ಮಾತು. ಕಾರಿನ ಚಿತ್ರದೊಳಗೆ ಬಾಣ ತಿರುಗಿರುತ್ತದಲ್ಲ, ಅದು. ಹೊಗೆ ಬಿಡುವ ಲಾರಿ ಹಿಂದೆ ಸಿಕ್ಕಿಕೊಂಡಾಗ ಅದು ಬೇಕು. ಆದರೆ ಐದು ಜನ ತುಂಬಿಕೊಂಡು ಗಂಟೆಗಟ್ಟಲೆ ಅದನ್ನೇ ಇಟ್ಟರೆ ಬಟ್ಟೆಯ ತೇವ, ಉಸಿರು ಎಲ್ಲ ಒಳಗೇ ಸುತ್ತುತ್ತದೆ, ಇಂಗಾಲದ ಡೈಆಕ್ಸೈಡ್ ಏರಿ ಓಡಿಸುವವರಿಗೆ ತೂಕಡಿಕೆ ಬರುತ್ತದೆ. ಆಗಾಗ ಹೊರಗಿನ ಗಾಳಿ ಬಿಡಬೇಕು.

ಇದು ಕಾರು ಇಟ್ಟುಕೊಂಡವರ ಸಮಸ್ಯೆ ಮಾತ್ರ ಎಂದು ದಯವಿಟ್ಟು ತಿಳಿಯಬೇಡಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಬಹಳ ಒಳ್ಳೆಯದಾಯಿತು, ಬಿಸಿಲಲ್ಲಿ ಬೇಯುವ ಅವರಿಗೆ ಬೇಕಾದದ್ದೇ. ಆದರೆ ಅವರು ಊಟ, ನಿದ್ದೆ ಎಲ್ಲ ಅದೇ ಕ್ಯಾಬಿನ್ನಿನಲ್ಲಿ ಮಾಡುವವರು. ಫಿಲ್ಟರ್ ಬದಲಿಸಬೇಕು ಎಂದು ಅವರಿಗೆ ಯಾರು ಹೇಳುತ್ತಾರೆ? ಡ್ರೈವಿಂಗ್ ಸ್ಕೂಲುಗಳಲ್ಲಿ ಕ್ಲಚ್ಚು ಗೇರು ಹೇಳಿಕೊಡುವಾಗ ಈ ಹತ್ತು ನಿಮಿಷದ ಪಾಠವನ್ನೂ ಸೇರಿಸಿದರೆ ಆಗದೇ?

ಸರ್ವೀಸ್ ಸೆಂಟರಿನವರಲ್ಲಿ ನನ್ನ ಕೋರಿಕೆ ಚಿಕ್ಕದು. ಹಳೆಯ ಫಿಲ್ಟರನ್ನು ಕಾರಿನವರ ಕೈಗೆ ಕೊಟ್ಟು ತೋರಿಸಿ. ಹೊಸದರ ಅಂಚಿಗೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಎಸಿ ಟ್ರೀಟ್‌ಮೆಂಟ್ ಎಂದು ಬಿಲ್ ಹಾಕಿದರೆ ಏನೇನು ಮಾಡಿದಿರಿ ಎಂದು ಬಿಡಿಸಿ ಬರೆಯಿರಿ. ದುಡ್ಡು ಕೊಡಲು ನಾವು ತಯಾರಿದ್ದೇವೆ, ಕೆಲಸ ಕಣ್ಣಿಗೆ ಕಾಣಬೇಕು. ಮಾಡದ ಕೆಲಸಕ್ಕೆ ಬಿಲ್ ಬಂದಿದೆ ಅನಿಸಿದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಬಿಲ್ಲನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿರಿ.

ಅತ್ತೆಯ ಉಬ್ಬಸ ವಾಸಿಯಾಗಿದೆ ಎಂದು ನಾನು ಹೇಳುವುದಿಲ್ಲ, ಅದು ಇದ್ದೇ ಇದೆ, ಔಷಧಿಯೂ ನಡೆದಿದೆ. ಆದರೆ ಕಾರು ಸರಿಯಾದ ಮೇಲೆ ಒಮ್ಮೆ ಮಳೆಯಲ್ಲಿ ಘಾಟಿ ಇಳಿಯುವಾಗ ಅವರು ಮುಂದಿನ ಸೀಟಿನಲ್ಲಿ ಕೂತು ಮಣಿಪಾಲದವರೆಗೂ ಕೆಮ್ಮಿಲ್ಲದೆ ಬಂದರು. ದಾರಿಯುದ್ದಕ್ಕೂ ಮಾತಾಡಿದರು.

ಈ ಪತ್ರವನ್ನು ಜೂನ್ ಮೊದಲ ವಾರದೊಳಗೆ ಪ್ರಕಟಿಸಿದರೆ ಉಪಕಾರ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆ ಕಾರು ಒಣಗಿಸಲು ಬಿಸಿಲು ಸಿಗುವುದಿಲ್ಲ.

ಇಂತಿ,
ಪ್ರಾಥಮಿಕ ಶಾಲಾ ಶಿಕ್ಷಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ